ಇಂದಿರಾನಗರದ ಸುತ್ತ: ಕೈಕಸುಬಿನಿಂದ ಕೃತಕ ಬುದ್ಧಿಮತ್ತೆಯವರೆಗೆ



ಬೆಂಗಳೂರಿನ ಇಂದಿರಾನಗರದಲ್ಲಿ ಯಾರಾದರೂ ನಿಮಗೆ ಮನೆಯ ವಿಳಾಸ ಬರೆದುಕೊಟ್ಟರೆ ಅದನ್ನು ಒಮ್ಮೆ ಗಮನವಿಟ್ಟು ಓದಿ. ‘ಎಚ್.ಎ.ಎಲ್. ಎರಡನೆಯ ಹಂತ’ ಅಥವಾ ‘ಎಚ್.ಎ.ಎಲ್. ಮೂರನೆಯ ಹಂತ’ ಎಂಬ ಮಾತು ಅದರಲ್ಲಿ ಇರಬಹುದು. ತುಸು ದೂರ ನಡೆದರೆ ಜೀವನ್ ಬಿಮಾ ನಗರ. ಇನ್ನೊಂದು ದಿಕ್ಕಿಗೆ ಡಿಫೆನ್ಸ್ ಕಾಲೊನಿ. ಪೂರ್ವಕ್ಕೆ ಇನ್ನಷ್ಟು ಹೋದರೆ ಕೃಷ್ಣರಾಜಪುರದ ಬಳಿ ದೂರವಾಣಿನಗರ. ಜನ ವಾಸಿಸುವ ಬಡಾವಣೆಗಳಿಗೆ ವಿಮಾನ ಕಾರ್ಖಾನೆ, ಜೀವವಿಮೆ, ಸೈನ್ಯ, ಟೆಲಿಫೋನು ಇವುಗಳ ಹೆಸರು ಹೇಗೆ ಬಂತು? ಆ ಸೀಮೆಯ ಜನರಿಗೆ ಅನ್ನ ಕೊಟ್ಟ ಕೆಲಸಗಳೇ ಊರಿನ ಹೆಸರಿನಲ್ಲಿ ಉಳಿದುಕೊಂಡಿವೆ.

ಈ ಹೆಸರುಗಳನ್ನು ಇಲ್ಲಿ ಏಕೆ ನೆನೆಯಬೇಕು ಎಂದು ನೀವು ಕೇಳಬಹುದು. ಇಂದು ಹೈಸ್ಕೂಲಿನ, ಕಾಲೇಜಿನ ಮಕ್ಕಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿದೆ. ‘ಪ್ರಬಂಧ ಬರೆಯುವ, ಚಿತ್ರ ಬಿಡಿಸುವ, ಲೆಕ್ಕ ಮಾಡುವ ಯಂತ್ರ ಬಂದಿದೆ. ನಾನು ಓದಿ ಮುಗಿಸುವ ಹೊತ್ತಿಗೆ ನನಗಾಗಿ ಒಂದು ಕೆಲಸ ಉಳಿದಿರುತ್ತದೆಯೆ? ಉಳಿಯಬೇಕಾದರೆ ನಾನು ಏನು ಕಲಿಯಬೇಕು?’ ಭವಿಷ್ಯವನ್ನು ಕಂಡು ಬಂದವರು ಯಾರೂ ಇಲ್ಲ. ಆದರೆ ಇದೇ ಪ್ರಶ್ನೆಯನ್ನು ಹಿಂದೆ ಕೇಳಿಕೊಂಡವರು, ಅದಕ್ಕೆ ತಮ್ಮ ಬದುಕಿನಲ್ಲೇ ಉತ್ತರ ಹುಡುಕಿದವರು ನಮ್ಮ ನಡುವೆ ಇದ್ದಾರೆ. ಇಂದಿರಾನಗರದ ಸುತ್ತಲಿನ ಹತ್ತು ಕಿಲೋಮೀಟರಿನೊಳಗೆ ಆ ಚರಿತ್ರೆಯನ್ನು ಓದಬಹುದು. ಬನ್ನಿ, ಓದೋಣ.

ಹೊಲಗಳ ನಡುವೆ ಕಾರ್ಖಾನೆ

ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿ, ದೊಮ್ಮಲೂರು. ಇಂದು ಇವು ಬಸ್ ನಿಲ್ದಾಣಗಳ, ಅಡ್ಡರಸ್ತೆಗಳ ಹೆಸರುಗಳಾಗಿ ಕೇಳಿಸುತ್ತವೆ. ಒಂದು ಕಾಲಕ್ಕೆ ಇವು ಹೊಲ, ತೋಟ, ಕೆರೆಗಳಿದ್ದ ಹಳ್ಳಿಗಳು. ಈ ಹಳ್ಳಿಗಳ ಪಕ್ಕದಲ್ಲಿ 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ವಿಮಾನಗಳ ದುರಸ್ತಿಗೆ ದೊಡ್ಡ ಕೇಂದ್ರವಾಯಿತು. ನೇಗಿಲು ಹಿಡಿದವರ ಮಕ್ಕಳು, ಬಡಗಿಗಳ, ಕಮ್ಮಾರರ ಮಕ್ಕಳು ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆಯುವುದನ್ನು, ನಕ್ಷೆ ನೋಡಿ ಕೆಲಸ ಮಾಡುವುದನ್ನು ಕಲಿತರು.

ಸ್ವಾತಂತ್ರ್ಯದ ನಂತರ ಈ ದಿಕ್ಕಿನಲ್ಲಿ ಕಾರ್ಖಾನೆಗಳ ಸಾಲೇ ಬೆಳೆಯಿತು. 1948ರಲ್ಲಿ ಭಾರತೀಯ ದೂರವಾಣಿ ಕಾರ್ಖಾನೆ, ಅಂದರೆ ಐ.ಟಿ.ಐ., ಆರಂಭವಾಯಿತು. ದೂರವಾಣಿನಗರ ಹುಟ್ಟಿದ್ದು ಅದರಿಂದ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಎನ್.ಎ.ಎಲ್., ಕೋಡಿಹಳ್ಳಿಯ ಬಳಿ ನೆಲೆಯೂರಿತು. ಬೈಯಪ್ಪನಹಳ್ಳಿಯಲ್ಲಿ ವಿದ್ಯುತ್ ಮೋಟಾರು, ಟ್ರಾನ್ಸ್‌ಫಾರ್ಮರ್‌ಗಳನ್ನು ಮಾಡುವ ಎನ್.ಜಿ.ಇ.ಎಫ್. ಬಂತು. 1964ರಲ್ಲಿ ಮಣ್ಣು ಅಗೆಯುವ ಭಾರಿ ಯಂತ್ರಗಳ ಕಂಪನಿ ಬಿ.ಇ.ಎಂ.ಎಲ್. ಸ್ಥಾಪನೆಯಾಯಿತು. ಹೀಗೆ ಕೆಲಸ ಮೊದಲು ಬಂತು, ಕೆಲಸಗಾರರು ಬಂದರು, 1970ರ ದಶಕದ ಕೊನೆಯಲ್ಲಿ ಇಂದಿರಾನಗರ ಬಡಾವಣೆ ರೂಪುಗೊಂಡಿತು. ಅಲ್ಲಿ ಮೊದಲು ಮನೆ ಕಟ್ಟಿದವರಲ್ಲಿ ಸೈನ್ಯದಲ್ಲಿ, ಸರ್ಕಾರಿ ಸೇವೆಯಲ್ಲಿ ದುಡಿದವರೇ ಬಹಳ.

ಟೆಲಿಫೋನು ಕಲಿಸಿದ ಪಾಠ

ಯಂತ್ರವು ಮನುಷ್ಯನ ಕೆಲಸವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ತಿಳಿಯಲು ಟೆಲಿಫೋನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲಿಗೆ ಪ್ರತಿಯೊಂದು ಕರೆಯನ್ನೂ ಮನುಷ್ಯರೇ ಜೋಡಿಸುತ್ತಿದ್ದರು. ನೀವು ರಿಸೀವರ್ ಎತ್ತಿದರೆ ವಿನಿಮಯ ಕೇಂದ್ರದಲ್ಲಿ ಕುಳಿತ ಆಪರೇಟರ್ ‘ನಂಬರ್ ಪ್ಲೀಸ್’ ಎನ್ನುತ್ತಿದ್ದರು. ನೀವು ಹೇಳಿದ ನಂಬರಿನ ತೂತಿಗೆ ತಂತಿ ಚುಚ್ಚುತ್ತಿದ್ದರು. ಅಮೆರಿಕದ ಆಲ್ಮನ್ ಸ್ಟ್ರೋಜರ್ ಎಂಬಾತ 1890ರ ಸುಮಾರಿಗೆ ಈ ಕೆಲಸ ಮಾಡುವ ಯಂತ್ರವನ್ನು ಕಂಡುಹಿಡಿದ. ಆತ ಎಂಜಿನಿಯರ್ ಅಲ್ಲ, ಶವಸಂಸ್ಕಾರದ ವ್ಯಾಪಾರ ಮಾಡುತ್ತಿದ್ದವ. ಆಪರೇಟರ್ ತನ್ನ ಗಿರಾಕಿಗಳ ಕರೆಗಳನ್ನು ಎದುರಾಳಿ ವ್ಯಾಪಾರಿಗೆ ಜೋಡಿಸುತ್ತಿದ್ದಾಳೆಂಬ ಸಂಶಯವೇ ಆತನ ಶೋಧನೆಗೆ ಕಾರಣವಾಯಿತೆಂಬ ಕಥೆಯಿದೆ.

ದೂರವಾಣಿನಗರದ ಕಾರ್ಖಾನೆ ಇದೇ ಸ್ಟ್ರೋಜರ್ ಮಾದರಿಯ ವಿನಿಮಯ ಕೇಂದ್ರಗಳನ್ನು ತಯಾರಿಸಲಾರಂಭಿಸಿತು. ಅದರ ಒಳಗೆ ಸಾವಿರಾರು ಪುಟ್ಟ ಸ್ವಿಚ್ಚುಗಳು, ಸುರುಳಿಗಳು, ಸ್ಪ್ರಿಂಗುಗಳು. ಒಂದೊಂದು ಸ್ಪ್ರಿಂಗನ್ನೂ ಕೂದಲೆಳೆಯಷ್ಟು ಬಾಗಿಸಿ ಸರಿಹೊಂದಿಸಬೇಕು. ಅದು ಕೈಗೆ, ಕಣ್ಣಿಗೆ ಸೇರಿದ ಕುಶಲತೆ. 1960ರ ದಶಕದಲ್ಲಿ ಕ್ರಾಸ್‌ಬಾರ್ ಎಂಬ ಹೊಸ ಮಾದರಿ ಬಂತು. 1980ರ ದಶಕದಲ್ಲಿ ವಿದ್ಯುನ್ಮಾನ ಮಾದರಿ ಬಂತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಭಾರತದ್ದೇ ಆದ ವಿದ್ಯುನ್ಮಾನ ವಿನಿಮಯ ಕೇಂದ್ರಗಳನ್ನು ರೂಪಿಸಿತು. ಒಂದು ದೊಡ್ಡ ಕೋಣೆ ತುಂಬಿದ್ದ ಯಂತ್ರದ ಕೆಲಸ ಈಗ ಕೆಲವು ಹಲಗೆಗಳ ಮೇಲಿನ ಸಿಲಿಕಾನ್ ಚಿಪ್ಪುಗಳಲ್ಲಿ ಮುಗಿಯಿತು. ಸ್ಪ್ರಿಂಗೇ ಇಲ್ಲದ ಮೇಲೆ ಸ್ಪ್ರಿಂಗ್ ಬಾಗಿಸುವ ಕೈಗೆ ಏನು ಕೆಲಸ?

ಈ ಕಥೆಗೆ ಇನ್ನೊಂದು ಮುಖವೂ ಇದೆ. ಟೆಲಿಫೋನು ಅಗ್ಗವಾದಂತೆ ಊರೂರಿನಲ್ಲಿ ಎಸ್.ಟಿ.ಡಿ. ಬೂತುಗಳು ತೆರೆದವು. 1980ರ ದಶಕದ ಕೊನೆಯಿಂದ ಎಷ್ಟೋ ಕುಟುಂಬಗಳು, ಎಷ್ಟೋ ಅಂಗವಿಕಲರು ಹಳದಿ ಫಲಕದ ಆ ಪುಟ್ಟ ಅಂಗಡಿಯಿಂದ ಬದುಕು ಕಟ್ಟಿಕೊಂಡರು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಮುಂದಿನ ಹದಿನೈದು ವರ್ಷಗಳಲ್ಲಿ ಬೂತುಗಳು ಒಂದೊಂದಾಗಿ ಮುಚ್ಚಿದವು. ಮುಚ್ಚಿದ ಅಂಗಡಿಗಳ ಪಕ್ಕದಲ್ಲೇ ಮೊಬೈಲ್ ದುರಸ್ತಿಯ, ಕರೆನ್ಸಿ ಹಾಕುವ ಅಂಗಡಿಗಳು ತೆರೆದವು. ಒಂದು ಕೆಲಸ ಹುಟ್ಟಿ, ಬೆಳೆದು, ಮಾಯವಾದುದನ್ನು ಒಂದೇ ತಲೆಮಾರು ಕಣ್ಣಾರೆ ಕಂಡಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಕೆಲಸ ಹೋದವರೆಲ್ಲ ಕಲಿಯದ ಸೋಮಾರಿಗಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಹೊಸ ಶತಮಾನದ ಆರಂಭದಲ್ಲಿ ಮುಚ್ಚಿತು. ಅಲ್ಲಿನ ಕಾರ್ಮಿಕರ ಕೈಗೆ ಕುಶಲತೆ ಇರಲಿಲ್ಲವೆಂದಲ್ಲ. ಮಾರುಕಟ್ಟೆ, ಬಂಡವಾಳ, ಸರ್ಕಾರದ ನೀತಿ ಇವೆಲ್ಲ ಸೇರಿ ಕಾರ್ಖಾನೆಯ ಹಣೆಬರಹ ತೀರ್ಮಾನವಾಗುತ್ತದೆ. ಹೊಸದನ್ನು ಕಲಿಯುವುದು ವ್ಯಕ್ತಿಯ ಹೊಣೆ, ನಿಜ. ಕಲಿಯಲು ಅವಕಾಶ, ಸಮಯ, ಕಷ್ಟಕಾಲದಲ್ಲಿ ಆಸರೆ ಒದಗಿಸುವುದು ಸಮಾಜದ ಹೊಣೆ.

1986: ಒಂದು ವರ್ಷ, ನಾಲ್ಕು ಹೆಜ್ಜೆ

‘ಕೃತಕ ಬುದ್ಧಿಮತ್ತೆ’ ಎಂಬುದು ಮೊನ್ನೆ ಮೊನ್ನೆ ಹುಟ್ಟಿದ ಮಾತೆಂದು ನೀವು ತಿಳಿದಿದ್ದರೆ ಅದು ತಪ್ಪು. ಯಂತ್ರ ಯೋಚಿಸಬಲ್ಲದೆ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ಗಣಿತಜ್ಞ ಆಲನ್ ಟ್ಯೂರಿಂಗ್ 1950ರಲ್ಲೇ ಚರ್ಚಿಸಿದ. 1956ರ ಬೇಸಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ ಮತ್ತು ಸಂಗಡಿಗರು ಸಭೆ ಸೇರಿ ಈ ಹೊಸ ಶಾಸ್ತ್ರಕ್ಕೆ ಆ ಹೆಸರನ್ನು ಸ್ಥಿರಗೊಳಿಸಿದರು. 1982ರಲ್ಲಿ ಜಪಾನ್ ‘ಐದನೆಯ ತಲೆಮಾರಿನ ಗಣಕಯಂತ್ರ’ ಎಂಬ ದೊಡ್ಡ ಯೋಜನೆ ಆರಂಭಿಸಿದಾಗ ಜಗತ್ತೇ ಕಿವಿ ನಿಮಿರಿಸಿತು.

ಬೆಂಗಳೂರೂ ಆಗ ಸುಮ್ಮನಿರಲಿಲ್ಲ. 1986ನೇ ವರ್ಷವನ್ನು ಗಮನಿಸಿ. ಆ ವರ್ಷದ ಅಕ್ಟೋಬರಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯು ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರವನ್ನು ಬೆಂಗಳೂರಿನಲ್ಲಿ ಸ್ಥಾಪಿಸಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಕೇರ್’ ಎಂದು ಕರೆಯುತ್ತಾರೆ. ಮೊದಲು ರಾಜಭವನ ವೃತ್ತದ ಬಳಿ ಇದ್ದ ಈ ಕೇಂದ್ರ ನಂತರ ಇಂದಿರಾನಗರಕ್ಕೆ ಹತ್ತಿರದ ಸಿ.ವಿ. ರಾಮನ್ ನಗರಕ್ಕೆ ಬಂತು. ಅದೇ ವರ್ಷ ಕೇಂದ್ರ ಸರ್ಕಾರದ ವಿದ್ಯುನ್ಮಾನ ಇಲಾಖೆ ‘ಜ್ಞಾನಾಧಾರಿತ ಗಣಕ ವ್ಯವಸ್ಥೆ’ಗಳ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿ, ಅದರ ಒಂದು ನೆಲೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇರಿಸಿತು. ಅದೇ ವರ್ಷ ಎನ್.ಎ.ಎಲ್.ನ ವಿಜ್ಞಾನಿಗಳು ‘ಫ್ಲೋಸಾಲ್ವರ್’ ಎಂಬ ಗಣಕಯಂತ್ರವನ್ನು ಕಟ್ಟಿದರು. ಒಂದು ದೊಡ್ಡ ಲೆಕ್ಕವನ್ನು ಹಲವು ಸಂಸ್ಕಾರಕಗಳು ಹಂಚಿಕೊಂಡು ಏಕಕಾಲಕ್ಕೆ ಮಾಡುವ ಸಮಾಂತರ ಗಣಕ ಅದು, ಭಾರತದಲ್ಲಿ ಮೊದಲನೆಯದು. ಆಗ ಎನ್.ಎ.ಎಲ್.ನ ನಿರ್ದೇಶಕರಾಗಿದ್ದವರು ಪ್ರೊ. ರೊದ್ದಂ ನರಸಿಂಹ. ಇಂದಿನ ಕೃತಕ ಬುದ್ಧಿಮತ್ತೆಯ ಬೃಹತ್ ಗಣಕಗಳು ನಿಂತಿರುವುದೂ ‘ಹಂಚಿಕೊಂಡು ಒಟ್ಟಿಗೆ ಮಾಡು’ ಎಂಬ ಇದೇ ತತ್ತ್ವದ ಮೇಲೆ.

ನಾಲ್ಕನೆಯ ಹೆಜ್ಜೆ ಇನ್ನೂ ಕುತೂಹಲಕರ. 1986ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸಂಸ್ಕೃತ ಪಂಡಿತರೂ ಗಣಕ ವಿಜ್ಞಾನಿಗಳೂ ಒಂದೇ ಸಭೆಯಲ್ಲಿ ಕುಳಿತರು. ಜ್ಞಾನವನ್ನು ಯಂತ್ರಕ್ಕೆ ತಿಳಿಯುವ ರೀತಿಯಲ್ಲಿ ನಿರೂಪಿಸುವುದು ಹೇಗೆ, ಅದಕ್ಕೆ ಸಂಸ್ಕೃತದ ಶಾಸ್ತ್ರಗ್ರಂಥಗಳು ನೆರವಾಗಬಲ್ಲವೆ ಎಂಬುದು ಅವರ ಚರ್ಚೆ. ಪಾಣಿನಿ ಒಂದು ಇಡೀ ಭಾಷೆಯನ್ನು ಸುಮಾರು 4,000 ಸೂತ್ರಗಳಲ್ಲಿ ಹಿಡಿದಿಟ್ಟಿದ್ದಾನೆ. ನಿಯಮಗಳನ್ನು ಸರಿಯಾದ ಕ್ರಮದಲ್ಲಿ ಅನ್ವಯಿಸುತ್ತ ಹೋದರೆ ಪದ ಸಿದ್ಧವಾಗುತ್ತದೆ. ಅಂದಿನ ಗಣಕ ವಿಜ್ಞಾನಿಗಳಿಗೆ ಇದು ಬಹಳ ಪರಿಚಿತ ದಾರಿಯಂತೆ ಕಂಡಿತು. ಏಕೆಂದರೆ ಆ ಕಾಲದ ಕೃತಕ ಬುದ್ಧಿಮತ್ತೆ ಮುಖ್ಯವಾಗಿ ನಿಯಮಗಳ ಶಾಸ್ತ್ರವಾಗಿತ್ತು. ‘ಹೀಗಿದ್ದರೆ ಹೀಗೆ ಮಾಡು’ ಎಂದು ಪರಿಣತರನ್ನು ಕೇಳಿ ಕೇಳಿ ನಿಯಮಗಳನ್ನು ಬರೆಯುವುದು, ಯಂತ್ರ ಅದನ್ನು ಪಾಲಿಸುವುದು.

ನಿಯಮ ಸೋತಲ್ಲಿ ಉದಾಹರಣೆ

ಈ ದಾರಿ ಎಲ್ಲಿ ಕಷ್ಟಕ್ಕೆ ಸಿಕ್ಕಿತು? ಒಂದು ಚಿಕ್ಕ ಪ್ರಯೋಗ ಮಾಡಿ. ಕಾಗದದ ಮೇಲೆ ಕನ್ನಡದ ೩ ಮತ್ತು ೭ ಎಂಬ ಅಂಕಿಗಳನ್ನು ಬರೆಯಿರಿ. ಇವೆರಡರ ವ್ಯತ್ಯಾಸವನ್ನು ಯಂತ್ರಕ್ಕೆ ತಿಳಿಯುವಂತೆ ಒಂದು ನಿಯಮವಾಗಿ ಬರೆಯಲು ಯತ್ನಿಸಿ. ‘ಕೊನೆಯ ಗೆರೆ ಹೀಗೆ ತಿರುಗಿದರೆ ಮೂರು’ ಎಂದು ಬರೆದಿರೆನ್ನಿ. ನಿಮ್ಮ ಅಜ್ಜ ಬರೆದ ಮೂರು ಆ ನಿಯಮಕ್ಕೆ ಒಗ್ಗುವುದಿಲ್ಲ. ಇನ್ನೊಂದು ನಿಯಮ ಸೇರಿಸುತ್ತೀರಿ. ನಿಮ್ಮ ಗೆಳತಿಯ ಅವಸರದ ಬರಹ ಅದನ್ನೂ ಮುರಿಯುತ್ತದೆ. ಆದರೂ ಕನ್ನಡ ಅಂಕಿ ಬಲ್ಲ ಮಗು ಅವೆಲ್ಲವನ್ನೂ ಥಟ್ಟನೆ ಗುರುತಿಸುತ್ತದೆ. ಆ ಮಗುವಿಗೆ ನಿಯಮವನ್ನು ಯಾರೂ ಬಾಯಿಪಾಠ ಮಾಡಿಸಿಲ್ಲ. ನೋಡಿ ನೋಡಿ, ತಪ್ಪಿ ತಪ್ಪಿ, ತಿದ್ದಿಸಿಕೊಂಡು ಕಲಿತಿದೆ.

ಯಂತ್ರವೂ ಹಾಗೆಯೇ ಕಲಿಯಬಹುದೆ? ಅಮೆರಿಕದ ಫ್ರಾಂಕ್ ರೋಸೆನ್‌ಬ್ಲಾಟ್ 1950ರ ದಶಕದ ಕೊನೆಯಲ್ಲೇ ಇಂಥದೊಂದು ಮಾದರಿ ರೂಪಿಸಿದ್ದ. ಅದು ಹೇಗೆ ನಡೆಯುತ್ತದೆಂದು ಸರಳವಾಗಿ ನೋಡೋಣ. ಅಂಕಿಯ ಚಿತ್ರವನ್ನು ಪುಟ್ಟ ಚೌಕಗಳಾಗಿ ವಿಭಜಿಸಿ. ಪ್ರತಿ ಚೌಕ ಎಷ್ಟು ಕಪ್ಪಾಗಿದೆ ಎಂಬುದಕ್ಕೆ ಒಂದು ಸಂಖ್ಯೆ ಕೊಡಿ. ಪ್ರತಿ ಚೌಕಕ್ಕೂ ಒಂದೊಂದು ‘ತೂಕ’ವನ್ನು ಇಟ್ಟು, ಗುಣಿಸಿ, ಕೂಡಿಸಿ. ಮೊತ್ತ ದೊಡ್ಡದಾದರೆ ಮೂರು, ಸಣ್ಣದಾದರೆ ಏಳು ಎಂದು ಯಂತ್ರ ಊಹಿಸಲಿ. ಮೊದಲಿಗೆ ಊಹೆ ತಪ್ಪುತ್ತದೆ. ತಪ್ಪಿದಾಗಲೆಲ್ಲ ತೂಕಗಳನ್ನು ತುಸುತುಸುವೇ ಬದಲಿಸಿ. ಸಾವಿರಾರು ಉದಾಹರಣೆಗಳ ನಂತರ ತೂಕಗಳು ಒಂದು ಹದಕ್ಕೆ ಬರುತ್ತವೆ. ಇದೇ ‘ಯಂತ್ರ ಕಲಿಕೆ’ಯ ತಿರುಳು. ಇಂದಿನ ದೊಡ್ಡ ವ್ಯವಸ್ಥೆಗಳಲ್ಲಿ ಇಂಥ ಲೆಕ್ಕದ ಪದರಗಳು ಹಲವು, ತೂಕಗಳು ಕೋಟಿಗಟ್ಟಲೆ. ಆದರೆ ಮೂಲದಲ್ಲಿ ಇರುವುದು ಗುಣಾಕಾರ, ಸಂಕಲನ, ತಪ್ಪಿನಿಂದ ತಿದ್ದಿಕೊಳ್ಳುವುದು.

ಇಲ್ಲೊಂದು ಗಂಭೀರ ಪ್ರಶ್ನೆ ಏಳುತ್ತದೆ. ತೋರಿಸಿದ ಉದಾಹರಣೆಗಳಲ್ಲಿ ಯಂತ್ರ ಸರಿಯುತ್ತರ ಕೊಟ್ಟರೆ ಸಾಕೆ? ಎಂದೂ ನೋಡದ ಹೊಸ ಬರಹದಲ್ಲೂ ಅದು ಸರಿಯಾಗಿರುತ್ತದೆಂದು ನಂಬಲು ಎಷ್ಟು ಉದಾಹರಣೆ ಬೇಕು? 1989ರಿಂದ 2000ದವರೆಗೆ ಬೆಂಗಳೂರಿನ ‘ಕೇರ್’ ಕೇಂದ್ರದ ನಿರ್ದೇಶಕರಾಗಿದ್ದ ಡಾ. ಎಂ. ವಿದ್ಯಾಸಾಗರ್ ಗಣಿತದ ಮೂಲಕ ಕೆಣಕಿದ್ದು ಇಂಥ ಪ್ರಶ್ನೆಯನ್ನೇ. ಕಲಿಕೆ ಮತ್ತು ಸಾಮಾನ್ಯೀಕರಣದ ಸಿದ್ಧಾಂತದ ಬಗ್ಗೆ ಅವರು ಬರೆದ ಗ್ರಂಥ 1997ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಜಗತ್ತಿನ ಗಮನ ಆ ವರ್ಷ ಬೇರೆಡೆ ಇತ್ತು. ಐ.ಬಿ.ಎಂ.ನ ‘ಡೀಪ್ ಬ್ಲೂ’ ಗಣಕ ಚೆಸ್ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್‌ನನ್ನು ಸೋಲಿಸಿದ್ದು 1997ರ ಮೇ ತಿಂಗಳಲ್ಲಿ.

ಈ ಪ್ರಶ್ನೆಗೆ ಕನ್ನಡದಲ್ಲೇ ಒಂದು ಸುಂದರ ಉದಾಹರಣೆ ಇದೆ. 2019ರಲ್ಲಿ ವಿನಯ್ ಪ್ರಭು ಎಂಬ ಸಂಶೋಧಕರು ಕೈಬರಹದ ಕನ್ನಡ ಅಂಕಿಗಳ ಒಂದು ಸಂಗ್ರಹವನ್ನು ಪ್ರಕಟಿಸಿದರು. ಬೆಂಗಳೂರಿನಲ್ಲಿ 65 ಮಂದಿ ಸ್ವಯಂಸೇವಕರು ಸೊನ್ನೆಯಿಂದ ಒಂಬತ್ತರವರೆಗೆ ಬರೆದುಕೊಟ್ಟರು. ಕಲಿಕೆಗೆ 60,000 ಚಿತ್ರಗಳು, ಪರೀಕ್ಷೆಗೆ 10,000 ಚಿತ್ರಗಳು. ಪ್ರತಿ ಚಿತ್ರ ಉದ್ದಕ್ಕೆ 28, ಅಗಲಕ್ಕೆ 28, ಒಟ್ಟು 784 ಚೌಕ. ಇವುಗಳಿಂದ ಕಲಿತ ಯಂತ್ರ ಪರೀಕ್ಷೆಯಲ್ಲಿ ಬಹಳ ಚೆನ್ನಾಗಿ ಉತ್ತೀರ್ಣವಾಯಿತು. ಬಳಿಕ ಕನ್ನಡ ಬಾರದ ವಿದೇಶದ ಸ್ವಯಂಸೇವಕರಿಂದ ಬರೆಸಿದ ಅಂಕಿಗಳನ್ನು ಅದಕ್ಕೆ ತೋರಿಸಿದರು. ಅಂಕ ಗಮನಾರ್ಹವಾಗಿ ಕುಸಿಯಿತು. ಅಂಕಿಗಳು ಅವೇ, ಬರೆದ ಕೈಗಳು ಬೇರೆ.

ಈ ಸಣ್ಣ ಪ್ರಯೋಗದೊಳಗೆ ಬಹು ದೊಡ್ಡ ಪಾಠವಿದೆ. ಯಂತ್ರ ಯಾರ ಬರಹದಿಂದ, ಯಾರ ಮಾತಿನಿಂದ ಕಲಿತಿದೆಯೋ ಅವರನ್ನೇ ಚೆನ್ನಾಗಿ ಅರಿಯುತ್ತದೆ. ನಗರದ ಮಾತಿನಿಂದ ಕಲಿತದ್ದು ಹಳ್ಳಿಯ ಮಾತಿಗೆ ತಡವರಿಸುತ್ತದೆ. ಇಂಗ್ಲಿಷಿನ ರಾಶಿಯಿಂದ ಕಲಿತದ್ದು ಕನ್ನಡದಲ್ಲಿ ಎಡವುತ್ತದೆ.

ಮಾತನಾಡುವ ಯಂತ್ರ, ಮಾತು ಕೊಡುವ ಜನ

2017ರಲ್ಲಿ ಗೂಗಲ್‌ನ ಸಂಶೋಧಕರು ಭಾಷೆಯನ್ನು ಕಲಿಯಲು ‘ಟ್ರಾನ್ಸ್‌ಫಾರ್ಮರ್’ ಎಂಬ ಹೊಸ ವಿನ್ಯಾಸವನ್ನು ಪ್ರಕಟಿಸಿದರು. ಎನ್.ಜಿ.ಇ.ಎಫ್. ತಯಾರಿಸುತ್ತಿದ್ದ ಟ್ರಾನ್ಸ್‌ಫಾರ್ಮರಿಗೂ ಇದಕ್ಕೂ ಹೆಸರಿನ ಹೊರತು ನಂಟಿಲ್ಲ! ಅದರ ಆಧಾರದ ಮೇಲೆ ಬಂದ ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಜನಸಾಮಾನ್ಯರ ಕೈ ಸೇರಿತು. ಇಂಥ ವ್ಯವಸ್ಥೆಯ ಮೂಲ ಕೆಲಸ ಒಂದೇ: ಇದುವರೆಗಿನ ಮಾತಿನ ನಂತರ ಯಾವ ಪದದ ತುಣುಕು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುವುದು. ಆದುದರಿಂದಲೇ ಅದರ ಮಾತು ಸರಾಗವಾಗಿರುತ್ತದೆ. ಆದುದರಿಂದಲೇ ಅದು ಕೆಲವೊಮ್ಮೆ ಸುಳ್ಳನ್ನೂ ಅಷ್ಟೇ ಸರಾಗವಾಗಿ ಹೇಳುತ್ತದೆ. ಚೆಂದದ ವಾಕ್ಯವೆಲ್ಲ ನಿಜವಾದ ವಾಕ್ಯವಲ್ಲ ಎಂಬುದನ್ನು ನೆನಪಿಡಿ.

ಕನ್ನಡದಂಥ ಭಾಷೆಗಳ ಕೊರತೆಯನ್ನು ತುಂಬಲು ಈಗ ಹಲವು ಪ್ರಯತ್ನಗಳು ನಡೆದಿವೆ. ಕೇಂದ್ರ ಸರ್ಕಾರ 2022ರಲ್ಲಿ ‘ಭಾಷಿಣಿ’ ಎಂಬ ಅನುವಾದ ವ್ಯವಸ್ಥೆಯನ್ನು ಆರಂಭಿಸಿತು. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ‘ವಾಣಿ’ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳ ಜನರ ಮಾತನ್ನು ಧ್ವನಿಮುದ್ರಿಸಿ ಸಂಗ್ರಹಿಸುತ್ತಿದೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡದ ವಾಕ್ಯಗಳನ್ನು ಫೋನಿನಲ್ಲಿ ಓದಿಸಿ, ಓದಿದವರಿಗೆ ಹಣ ಕೊಟ್ಟಿದೆ. ನೋಡಿ, ಕನ್ನಡವನ್ನು ಸ್ಪಷ್ಟವಾಗಿ ಓದಬಲ್ಲ ಹಳ್ಳಿಯ ಹೆಣ್ಣುಮಗಳ ದನಿಯೂ ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಬೆಲೆಯುಳ್ಳ ವಸ್ತುವಾಯಿತು. ಅದಕ್ಕೆ ಸಲ್ಲಬೇಕಾದ ಬೆಲೆ ಸಲ್ಲುತ್ತದೆಯೆ, ಅದರಿಂದ ಹುಟ್ಟಿದ ಲಾಭದಲ್ಲಿ ಆಕೆಗೆ ಪಾಲಿದೆಯೆ ಎಂಬುದು ನಿಮ್ಮ ತಲೆಮಾರು ಕೇಳಬೇಕಾದ ಪ್ರಶ್ನೆ.

ನಂಬಿಕೆಗೆ ಮೊದಲು ಪರೀಕ್ಷೆ

ಇಂದಿರಾನಗರದ ಆಕಾಶದಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. 2001ರ ಜನವರಿ 4ರಂದು ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ ನಮ್ಮ ಹಗುರ ಯುದ್ಧವಿಮಾನ ಮೊದಲ ಬಾರಿಗೆ ಹಾರಿತು. ಮುಂದೆ ಅದಕ್ಕೆ ‘ತೇಜಸ್’ ಎಂದು ಹೆಸರಾಯಿತು. ಅದನ್ನು ಹಾರಿಸಿದವರು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್. ಈ ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಲಾಗಿದೆ. ಅಸ್ಥಿರವಾದುದು ಬೇಗ ತಿರುಗುತ್ತದೆ. ಆದರೆ ಅದನ್ನು ಮನುಷ್ಯನ ಕೈ ಮಾತ್ರವೇ ಸಮತೋಲದಲ್ಲಿ ಇಡಲಾರದು. ಗಣಕಯಂತ್ರ ಕ್ಷಣಕ್ಷಣವೂ ರೆಕ್ಕೆಯ ಅಂಚುಗಳನ್ನು ತಿದ್ದುತ್ತಿರಬೇಕು. ಆ ಗಣಕಕ್ಕೆ ಬೇಕಾದ ನಿಯಂತ್ರಣ ಸೂತ್ರಗಳನ್ನು ರಚಿಸಲು 1992ರಲ್ಲಿ ಎನ್.ಎ.ಎಲ್.ನಲ್ಲಿ ಒಂದು ರಾಷ್ಟ್ರೀಯ ತಂಡ ರಚನೆಯಾಯಿತು. 1998ರ ಅಣುಪರೀಕ್ಷೆಯ ನಂತರ ಅಮೆರಿಕದ ನೆರವು ನಿಂತಾಗ ನಮ್ಮವರೇ ಆ ಕೆಲಸವನ್ನು ಪೂರ್ಣಗೊಳಿಸಿದರು.

ಇದು ಇಂದಿನ ಅರ್ಥದ ಯಂತ್ರ ಕಲಿಕೆ ಅಲ್ಲ. ಆದರೆ ಯಂತ್ರದ ಕೈಗೆ ಜೀವವನ್ನು ಒಪ್ಪಿಸುವ ಮೊದಲು ಏನು ಮಾಡಬೇಕು ಎಂಬುದಕ್ಕೆ ಇದು ಮಾದರಿ. ವಿಮಾನ ನೆಲ ಬಿಡುವುದಕ್ಕೆ ಮುಂಚೆ ಪೈಲಟ್‌ಗಳು ಕೃತಕ ಹಾರಾಟದ ಯಂತ್ರದಲ್ಲಿ ಕುಳಿತು ಅದನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದರು. ಗಣಿತ ಬಲ್ಲವರು, ಲೋಹ ಬಲ್ಲವರು, ತಂತ್ರಾಂಶ ಬಲ್ಲವರು, ಹಾರಾಟ ಬಲ್ಲವರು ಒಂದೇ ಮೇಜಿನ ಸುತ್ತ ಕುಳಿತು ಒಬ್ಬರ ತಪ್ಪನ್ನು ಇನ್ನೊಬ್ಬರು ಹುಡುಕಿದ್ದರು. ಸಾಲ ಕೊಡಬೇಕೆ, ರೋಗ ಯಾವುದು, ಯಾರಿಗೆ ಕೆಲಸ ಕೊಡಬೇಕು ಎಂಬುದನ್ನು ಯಂತ್ರಗಳು ಹೇಳಲಾರಂಭಿಸಿರುವ ಈ ಕಾಲದಲ್ಲಿ ಅಂಥ ಪರೀಕ್ಷಕರು ಬಹಳ ಮಂದಿ ಬೇಕಾಗುತ್ತಾರೆ.

ಹಾಗಾದರೆ ನಾವೇನು ಕಲಿಯಬೇಕು?

ಶಾಲೆಗಳಿಗೆ ಗಣಕ ಬಂದದ್ದೂ ಒಂದು ಚರಿತ್ರೆ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಆಯ್ದ ಪ್ರೌಢಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಎಂಬ ಪುಟ್ಟ ಗಣಕಗಳನ್ನು ಕೊಟ್ಟಿತು. 2019–20ರಿಂದ ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿ ಒಂಬತ್ತನೆಯ ತರಗತಿಗೆ ಕೃತಕ ಬುದ್ಧಿಮತ್ತೆಯನ್ನು ಐಚ್ಛಿಕ ವಿಷಯವಾಗಿ ತಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದನ್ನು ಹೆಸರಿಸಿದೆ. ನಿಮ್ಮ ಶಾಲೆಯಲ್ಲಿ ಈ ವಿಷಯ ಇಲ್ಲವೆಂದು ಕೊರಗಬೇಡಿ. ಇದರ ಬೇರುಗಳು ನಿಮ್ಮ ಈಗಿನ ಪುಸ್ತಕಗಳಲ್ಲೇ ಇವೆ.

ಮೊದಲನೆಯದು ಗಣಿತ. ಸರಾಸರಿ, ಸಂಭವನೀಯತೆ, ನಕ್ಷೆ, ಮಾತೃಕೆ. ಪರೀಕ್ಷೆಗೆಂದು ಉರುಹೊಡೆಯುವ ಈ ಅಧ್ಯಾಯಗಳೇ ಯಂತ್ರ ಕಲಿಕೆಯ ಅಡಿಪಾಯ. ಮೇಲೆ ಹೇಳಿದ ‘ತೂಕ’ದ ಲೆಕ್ಕವನ್ನು ಅರ್ಥ ಮಾಡಿಕೊಂಡವರಿಗೆ ಯಂತ್ರ ಮಾಯಾವಿಯಂತೆ ಕಾಣುವುದಿಲ್ಲ.

ಎರಡನೆಯದು ಭಾಷೆ. ಬೇಕಾದುದನ್ನು ಸ್ಪಷ್ಟವಾಗಿ ಕೇಳಲು, ಬಂದ ಉತ್ತರದ ಹುಳುಕು ಹಿಡಿಯಲು ಭಾಷೆ ಬೇಕು. ಇಂಗ್ಲಿಷನ್ನು ಕಲಿಯಿರಿ. ಅದರೊಂದಿಗೆ ಕನ್ನಡವನ್ನು ಬಿಡಬೇಡಿ. ಯಂತ್ರದ ಕನ್ನಡವನ್ನು ತಿದ್ದಬಲ್ಲವರು ಕನ್ನಡ ಬಲ್ಲವರೇ ಹೊರತು ಬೇರೆ ಯಾರೂ ಅಲ್ಲ.

ಮೂರನೆಯದು ಒಂದು ನಿಜವಾದ ಕಸುಬು ಅಥವಾ ವಿದ್ಯೆ. ಕೃಷಿ, ಶುಶ್ರೂಷೆ, ಲೆಕ್ಕಪತ್ರ, ಕಾನೂನು, ಮೋಟಾರು ರಿಪೇರಿ ಯಾವುದೇ ಇರಲಿ, ಅದನ್ನು ಆಳವಾಗಿ ತಿಳಿಯಿರಿ. ಎಲೆಯ ಮೇಲಿನ ಚುಕ್ಕೆ ಯಾವ ರೋಗವೆಂದು ಯಂತ್ರ ಹೇಳಿದಾಗ ಅದು ಸರಿಯೆ ತಪ್ಪೆ ಎನ್ನಲು ತೋಟ ಬಲ್ಲವನೇ ಬೇಕು. ದೂರವಾಣಿನಗರದ ಕಥೆಯಿಂದ ಕಲಿಯಬೇಕಾದುದೂ ಇದೇ. ಸ್ಪ್ರಿಂಗನ್ನು ಬಾಗಿಸುವುದು ಹೇಗೆಂದು ಮಾತ್ರ ತಿಳಿದರೆ ಸ್ಪ್ರಿಂಗಿನೊಂದಿಗೆ ಆ ವಿದ್ಯೆಯೂ ಮುಗಿಯುತ್ತದೆ. ಕರೆ ಒಂದೆಡೆಯಿಂದ ಇನ್ನೊಂದೆಡೆಗೆ ಹೇಗೆ ತಲುಪುತ್ತದೆ, ಎಲ್ಲಿ ತಪ್ಪುತ್ತದೆ ಎಂಬ ತಿಳಿವು ಹೊಸ ಯಂತ್ರದಲ್ಲೂ ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯದು ಸಂಶಯಪಡುವ ಅಭ್ಯಾಸ. ಯಂತ್ರ ಹೇಳಿದ ಇಸವಿಯನ್ನು ಪುಸ್ತಕದಲ್ಲಿ ನೋಡಿ. ಅದು ಮಾಡಿದ ಲೆಕ್ಕವನ್ನು ಕೈಯಲ್ಲೊಮ್ಮೆ ಮಾಡಿ. ನಿಮ್ಮ ಪ್ರಬಂಧವನ್ನು ಅದರಿಂದ ಬರೆಸಿದರೆ ಶಿಕ್ಷಕರು ಮೋಸಹೋಗಬಹುದು. ಆದರೆ ಬರೆಯುವಾಗ ಬೆಳೆಯಬೇಕಾಗಿದ್ದ ಯೋಚನೆ ನಿಮ್ಮಲ್ಲಿ ಬೆಳೆಯದೆ ಉಳಿಯುತ್ತದೆ. ಬೇರೆಯವರು ವ್ಯಾಯಾಮ ಮಾಡಿದರೆ ನಮ್ಮ ಮೈ ಗಟ್ಟಿಯಾಗುವುದಿಲ್ಲವಷ್ಟೆ!

ಹೀಗೆಲ್ಲ ಕಲಿತರೆ ಕೆಲಸ ಖಚಿತವೆ ಎಂದು ಕೇಳಿದರೆ, ಖಚಿತವೆಂದು ಹೇಳುವುದು ಪ್ರಾಮಾಣಿಕವಲ್ಲ. ಒಂದೇ ಬಗೆಯ ಬರವಣಿಗೆ, ಒಂದೇ ಬಗೆಯ ಅನುವಾದ, ಒಂದೇ ಬಗೆಯ ಪ್ರೋಗ್ರಾಂ ಬರೆಯುವ ಕೆಲಸಗಳು ಕಡಿಮೆಯಾಗಬಹುದು. ಬೆಂಗಳೂರನ್ನು ಬೆಳೆಸಿದ ಸಾಫ್ಟ್‌ವೇರ್ ಉದ್ಯೋಗವೂ ಇದಕ್ಕೆ ಹೊರತಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದಾಗ ಅದರ ಉಪಗ್ರಹ ಸಂಪರ್ಕದ ಬುಟ್ಟಿ ಎತ್ತಿನ ಗಾಡಿಯ ಮೇಲೆ ಬಂತೆಂದು ಈ ಊರು ಇಂದಿಗೂ ನೆನೆಯುತ್ತದೆ. ಆ ದಿನ ಗಾಡಿ ಹೊಡೆದವನಿಗೆ ಆ ಬುಟ್ಟಿಯ ಹಿಂದೆ ಲಕ್ಷಾಂತರ ಉದ್ಯೋಗಗಳು ಬರುತ್ತವೆಂದು ಗೊತ್ತಿರಲಿಲ್ಲ. ಮುಂದೆ ಬರುವುದೇನೆಂದು ನಮಗೂ ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲದಿರುವಾಗ ಬೇರು ಗಟ್ಟಿಯಾಗಿರುವ ವಿದ್ಯೆಯನ್ನು ಹಿಡಿಯುವುದು ಜಾಣತನ.

ಕೊನೆಯದಾಗಿ ನಿಮಗೊಂದು ಮನೆಗೆಲಸ. ಈ ವಾರ ನಿಮ್ಮ ಬೀದಿಯ ಹತ್ತು ಮನೆಗಳಿಗೆ ಹೋಗಿ. ಪ್ರತಿಯೊಬ್ಬರಿಂದಲೂ ಕನ್ನಡದ ೩ ಮತ್ತು ೭ ಬರೆಸಿಕೊಳ್ಳಿ. ಕೆಲವರು ಥಟ್ಟನೆ ಬರೆಯುತ್ತಾರೆ, ಕೆಲವರು ತಡವರಿಸುತ್ತಾರೆ, ಕೆಲವು ಮಕ್ಕಳಿಗೆ ಬಾರದೆಯೂ ಇರಬಹುದು. ಬರೆದುದೆಲ್ಲವನ್ನೂ ಒಂದು ಹಾಳೆಯ ಮೇಲೆ ಅಂಟಿಸಿ ತರಗತಿಯಲ್ಲಿ ತೋರಿಸಿ. ಅದೇ ನೀವು ಸಂಗ್ರಹಿಸಿದ ಮೊದಲ ದತ್ತಾಂಶ. ಬರೆಸಿಕೊಂಡ ಮೇಲೆ ಅಲ್ಲಿನ ಹಿರಿಯರನ್ನು ಇನ್ನೊಂದು ಮಾತು ಕೇಳಿ: ‘ಅಜ್ಜಿ, ತಾತ, ನೀವು ಏನು ಕೆಲಸ ಮಾಡುತ್ತಿದ್ದಿರಿ? ಆ ಕೆಲಸಕ್ಕೆ ಯಾವ ಹೊಸ ಯಂತ್ರ ಬಂತು? ಆಗ ನೀವು ಏನು ಮಾಡಿದಿರಿ?’ ಅವರು ಹೇಳುವುದನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ಆ ಉತ್ತರ ಯಾವ ಯಂತ್ರದ ಬಳಿಯೂ ಇಲ್ಲ.